ಬೋರಲು ಮಲಗಿ ತಪ್ಪು ಹುಡುಕಿದವರು

ನಮ್ಮ ಜಗಲಿಯ ಸಿಮೆಂಟಿನ ಮೇಲೆ ಅವರು ಬೋರಲು ಮಲಗುತ್ತಿದ್ದರು. ಆರಡಿ ಆಳು, ಖಾಕಿ ಚಡ್ಡಿ, ತೋಳಿಲ್ಲದ ಬನಿಯನ್ನು. ಗದ್ದವನ್ನು ನೆಲಕ್ಕೆ ಒತ್ತಿ, ಎಡಗಣ್ಣು ಮುಚ್ಚಿ, ಮೂಗಿನ ಮುಂದೆ ನಾನಿಟ್ಟ ಮರದ ಟ್ಯಾಂಕನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಬೀದಿಯಲ್ಲಿ ಹೋಗುವವರು ಯಾರಿಗೋ ಮೂರ್ಛೆ ಬಂದಿದೆ ಅಂತ ಗೇಟಿನ ಹತ್ತಿರ ನಿಂತದ್ದೂ ಉಂಟು. ಅವರಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ.

"ನಿಂತ್ಕಂಡ್ ನೋಡುದ್ರೆ ಎಲ್ಲಾನೂ ಆಟದ ಸಾಮಾನೇ ಕಣಮ್ಮಣ್ಣಿ. ಅದ್ರ ಎದುರ್ಗೆ ಮಣ್ಣಲ್ ಬಿದ್ದಿರೋನ್ಗೆ ಹೆಂಗ್ ಕಾಣ್ತದೋ ಹಂಗ್ ನೋಡ್ಬೇಕು" ಎನ್ನುತ್ತಿದ್ದರು. ಆಮೇಲೆ ಎದ್ದು, ಮೊಣಕೈ ಒರೆಸಿಕೊಂಡು, ನನ್ನ ಒಂದು ತಿಂಗಳ ಕೆಲಸವನ್ನು ಎರಡು ಮಾತಿನಲ್ಲಿ ಹಾಳುಗೆಡವುತ್ತಿದ್ದರು.

ತಮಿಳು ಗಡಿಯ ಮೂಕಂಡಪಲ್ಲಿಯ ನಮ್ಮ ಮನೆಸಾಲಿನಲ್ಲಿ ಎಲ್ಲರಿಗೂ ಅವರು ಮಿಲ್ಟ್ರಿ ಮಾವ. ಟ್ಯಾಂಕು ಪಡೆಯಲ್ಲಿ ದುಡಿದು ಪಿಂಚಣಿ ಹಿಡಿದು ಬಂದವರು. ಹೆಂಡತಿ ತೀರಿಹೋಗಿದ್ದರು, ಮಗಳನ್ನು ಧರ್ಮಪುರಿಗೆ ಕೊಟ್ಟಾಗಿತ್ತು. ಕೈಗಾರಿಕಾ ಬಡಾವಣೆಯ ಒಂದು ಕಾರ್ಖಾನೆಯ ಗೇಟು ಕಾಯುತ್ತಿದ್ದರು. ನಾನು ಅದರಾಚೆಯ ಇನ್ನೊಂದು ಕಾರ್ಖಾನೆಯಲ್ಲಿ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಚಿಮುಟದಲ್ಲಿ ಎಳ್ಳಿನಷ್ಟು ತಿರುಪುಗಳನ್ನು ಕೂರಿಸುವವಳು. ಸೂಪರ್‌ವೈಸರು ತಮಿಳಿನಲ್ಲಿ ಬೈದರೆ ಪಕ್ಕದ ಹುಡುಗಿ ತೆಲುಗಿನಲ್ಲಿ ಸಮಾಧಾನ ಹೇಳುತ್ತಿದ್ದಳು. ಕೆಲಸ ಸಿಕ್ಕಿದ ಮೇಲೆ ನಮ್ಮೂರು ನಾಟ್ರಾಂಪಾಳ್ಯದಿಂದ ಅವ್ವನನ್ನೂ ಇಲ್ಲಿಗೇ ಕರೆದುಕೊಂಡು ಬಂದಿದ್ದೆ.

ಅವ್ವನ ವಿಷಯ ಹೇಳದೆ ಈ ಮನುಷ್ಯನ ವಿಷಯ ಹೇಳಲು ಬರುವುದಿಲ್ಲ. ನನ್ನ ಅಣ್ಣ ಮಿಲ್ಟ್ರಿಯಲ್ಲಿ ಟ್ಯಾಂಕು ಓಡಿಸುತ್ತಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಅವನ ಟ್ಯಾಂಕಿಗೆ ಗುಂಡು ಬಿದ್ದು ಹೊತ್ತಿಕೊಂಡಿತು. ಮೇಲೆ ಕೂತಿದ್ದವರು ಹಾರಿಕೊಂಡು ಬದುಕಿದರು, ಅಣ್ಣ ಹೊರಗೆ ಬರಲಿಲ್ಲ. ನಮಗೆ ತಿಳಿದದ್ದು ಅಷ್ಟೇ. ಹೆಣ ಊರಿಗೆ ಬರಲಿಲ್ಲ. ಹೂಳಿದ ಜಾಗ ಅಂತ ಒಂದಿದ್ದರೆ ಅವ್ವ ಹಾಲುತುಪ್ಪ ಬಿಟ್ಟು, ನಾಲ್ಕು ಹೂವಿಟ್ಟು, ಅತ್ತು ಬರುತ್ತಿದ್ದಳು. ಅದೂ ಇಲ್ಲ. ಆಮೇಲಾಮೇಲೆ ಅವಳ ಕಣ್ಣೂ ಹೋಯಿತು. ನರ ಒಣಗಿದೆ, ಆಪರೇಷನ್ನಿಗೆ ಬರುವುದಿಲ್ಲ ಎಂದರು ಕೃಷ್ಣಗಿರಿಯ ಡಾಕ್ಟರು. ಕಣ್ಣು ಹೋದ ಮೇಲೆ ಅವಳಿಗೆ ಒಂದೇ ಹಂಬಲ ಹಿಡಿಯಿತು. "ಅದ್ರೊಳ್ಗೆ ನನ್ ಮಗ ಎಲ್ ಕುಂತಿದ್ನೋ, ಆ ಜಾಗ ಒಂದ್ಸಲ ಮುಟ್ಟಿ ನೋಡ್ಬೇಕು ಕಣೆ."

ನಿಜವಾದ ಟ್ಯಾಂಕು ಎಲ್ಲಿಂದ ತರಲಿ? ಹೆದ್ದಾರಿಯಲ್ಲಿ ಆಗೊಮ್ಮೆ ಈಗೊಮ್ಮೆ ಉದ್ದನೆಯ ಟ್ರೈಲರುಗಳ ಮೇಲೆ ಟ್ಯಾಂಕುಗಳು ಬೆಂಗಳೂರಿನ ಕಡೆ ಹೋಗುತ್ತಿದ್ದವು. ಟೀ ಅಂಗಡಿಯ ಹತ್ತಿರ ನಿಂತು ಕಣ್ಣು ತುಂಬ ನೋಡಿಕೊಂಡೆ. ಹಾಲೆ ಮರದ ತುಂಡು ಕೆತ್ತಿದೆ. ಹಳೇ ಛತ್ರಿಯ ಕಡ್ಡಿ ತೋಪಾಯಿತು, ಕೋಟಿನ ಗುಂಡಿಗಳು ಚಕ್ರವಾದವು, ರಿಪೇರಿ ಅಂಗಡಿಯಲ್ಲಿ ಬಿಸಾಕಿದ್ದ ಕೈಗಡಿಯಾರದ ಪಟ್ಟಿಗಳು ಚಕ್ರದ ಸುತ್ತಿನ ಚೈನಾದವು. ತೋಪು ಯಾವ ಕಡೆಗಿದೆಯೋ ಅದೇ ಮುಂದು ಅಂತ ತಿಳಿದು, ಅದರ ಕೆಳಗೆ ಬೆರಳು ಹಿಡಿಯುವಷ್ಟು ಒಂದು ಕುಳಿ ತೋಡಿ, ಅವ್ವನ ತೊಡೆಯ ಮೇಲಿಟ್ಟು, ಇಲ್ಲಿ ಕೂತಿದ್ದ ಎಂದೆ.

ಅವ್ವ ಅವತ್ತು ಅತ್ತಷ್ಟು ಸಮಾಧಾನವಾಗಿ ಹಿಂದೆ ಯಾವತ್ತೂ ಅತ್ತಿರಲಿಲ್ಲ. ಆಮೇಲೆ ದಿನಾ ಸಾಯಂಕಾಲ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿಗೆ ಬೆರಳಿಟ್ಟು ಕೂರುವಳು. "ಒಳ್ಗೆ ಸೆಕೆ ಏನ್ಲಾ?" ಅಂತ ಮಾತಾಡಿಸುವಳು. ನಾನು ಒಳಗೆ ಮುದ್ದೆ ತೊಳಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಮನೆಗೆ ಅಣ್ಣ ಬಂದ ಹಾಗಿತ್ತು.

ಹೀಗೆ ಕೆಲವು ತಿಂಗಳು ಕಳೆದ ಮೇಲೆ ಮಿಲ್ಟ್ರಿ ಮಾವ ಪಕ್ಕದ ಮನೆಗೆ ಬಾಡಿಗೆಗೆ ಬಂದರು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ಅವ್ವನ ಮಡಿಲನ್ನು ನೋಡಿ ನಿಂತುಬಿಟ್ಟರು. ಏನು ಎತ್ತ ಎಂದು ಅವ್ವ ಎಲ್ಲ ಹೇಳಿದಳು. ಕೇಳಿಸಿಕೊಂಡು ಅವರು ಅಂದದ್ದು ಇದು:

"ಅಕ್ಕ, ಅಲ್ ಮನುಷ್ರು ಕೂರಲ್ಲ. ಅದು ಇಂಜಿನ್ನು. ಗಾಡಿ ಮ್ಯಾಲೆ ಸಾಗ್ಸೋವಾಗ ತೋಪ್ನ ಹಿಂದಕ್ ತಿರುಗ್ಸಿ ಕಟ್ತಾರೆ. ನಿನ್ ಮಗ್ಳು ಹಿಂದನ್ನೇ ಮುಂದು ಅಂದ್ಕಂಡವ್ಳೆ."

ಅವ್ವ ಕಾದ ಹೆಂಚು ಮುಟ್ಟಿದವಳಂತೆ ಬೆರಳು ಎಳೆದುಕೊಂಡಳು. ಟ್ಯಾಂಕನ್ನು ಪಕ್ಕಕ್ಕೆ ಸರಿಸಿದಳು. ಮತ್ತೆ ಅದನ್ನು ಮಡಿಲಿಗೆ ತೆಗೆದುಕೊಳ್ಳಲೇ ಇಲ್ಲ. ನನಗೆ ಬಂದ ಸಿಟ್ಟಿಗೆ ಮಜ್ಜಿಗೆ ಪಾತ್ರೆಯನ್ನು ಅವರ ತಲೆಯ ಮೇಲೇ ಸುರಿಯಬೇಕು ಅನ್ನಿಸಿತ್ತು. ಕುರುಡಿ ಮುದುಕಿ, ಒಂದು ಮರದ ತುಂಡು ಸವರಿಕೊಂಡು ನೆಮ್ಮದಿಯಾಗಿದ್ದಳು. ಸುಮ್ಮನಿದ್ದಿದ್ದರೆ ಇವರಪ್ಪನ ಮನೆ ಗಂಟೇನು ಹೋಗುತ್ತಿತ್ತು?

ಆದರೆ ಅವ್ವನೇ ಮಾರನೆಯ ದಿನ ಅವರನ್ನು ಕರೆಸಿದಳು. "ತಮ್ಮಯ್ಯ, ಸರ್ಯಾಗ್ ಮಾಡೋದ್ನ ಇವ್ಳಿಗೆ ನೀನೇ ಹೇಳ್ಕೊಡು. ನೀನು ಸರಿ ಅಂದ್ಮ್ಯಾಕೆ ಮುಟ್ತೀನಿ. ಇನ್ನೊಂದ್ಸಲ ತಪ್ಪು ಜಾಗ ಸವರಾಕೆ ನನ್ ಕೈಲಾಗಲ್ಲ."

ಮಾವ ಒಪ್ಪಿಕೊಂಡರು. ಹೀಗೆ ಶುರುವಾದವು ನಮ್ಮ ಭಾನುವಾರಗಳು. ನಿಜದ ಒಂದು ಅಡಿಗೆ ನಮ್ಮದು ಅರ್ಧ ಅಂಗುಲ ಎಂದು ಲೆಕ್ಕ ಹಾಕಿಕೊಟ್ಟರು. ನಾನು ಕೆತ್ತುವುದು, ಅವರು ಬೋರಲು ಮಲಗುವುದು. ಗುಂಡಿಯ ತೂತು ಕಾಣುತ್ತದೆ, ಮುಚ್ಚು. ತೋಪು ದಪ್ಪವಾಯಿತು. ಬಣ್ಣ ಹೊಸ ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುತ್ತದೆ, ಒಲೆ ಬೂದಿ ಹಚ್ಚಿ ತಿಕ್ಕು. ಕೆಸರು ಮೇಲಿಂದ ಸುರಿದ ಹಾಗಿದೆ, ಕೆಳಗಿನಿಂದ ಸಿಡಿಯಬೇಕು. ಚೆನ್ನಾಗಿದೆ ಎಂಬ ಮಾತು ಅವರ ಬಾಯಿಂದ ಒಂದು ದಿನವೂ ಬರಲಿಲ್ಲ. ತಪ್ಪಿರುವ ಜಾಗದ ಮೇಲೆ ಬೆರಳಿಡಬೇಕು, ಈಗ ಏನಿದೆ, ಏನಿರಬೇಕಿತ್ತು ಎರಡೂ ಹೇಳಬೇಕು, ಅಷ್ಟೇ. ಒಂದೊಂದು ಭಾನುವಾರ ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದದ್ದಿದೆ.

ಸುಳ್ಳು ಯಾಕೆ ಹೇಳಲಿ, ನನ್ನ ಕೈ ಪಳಗಿತು. ಅವರು ಹೇಳುವ ಮೊದಲೇ ನನಗೆ ತಪ್ಪು ಕಾಣತೊಡಗಿತು. ಒಂದು ಸಲ ಅವರೇ ಒಂದು ಟ್ಯಾಂಕು ಕೆತ್ತಿ ತಂದು ನನ್ನ ಮುಂದಿಟ್ಟರು. "ಚೆನ್ನಾಗದೆ ಮಾವ" ಎಂದೆ.

"ಅದೂ ಒಂದು ಮಾತೇನಮ್ಮಣ್ಣಿ? ನಾನೇನ್ ಹೆಣ್ ತೋರ್ಸಾಕ್ ತಂದಿವ್ನಾ? ಮಲಿಕ್ಕಂಡ್ ನೋಡು."

ಸೀರೆ ಸೆರಗು ಸಿಕ್ಕಿಸಿಕೊಂಡು ನಾನೂ ಜಗಲಿಯ ಮೇಲೆ ಬೋರಲು ಮಲಗಿದೆ. ಎಡಗಡೆಯ ಚಕ್ರಗಳು ಬಲಗಡೆಯವಕ್ಕಿಂತ ಎತ್ತರಕ್ಕಿದ್ದವು. ಬೆರಳಿಟ್ಟು ಹೇಳಿದೆ. ಅವರ ಮುಖ ಗಂಟಾಯಿತು. ಕಾಫಿ ಕುಡಿಯದೆ ಎದ್ದು ಹೋದರು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮುಂದಿನ ಭಾನುವಾರ ಚಕ್ರಗಳನ್ನೆಲ್ಲ ಕಿತ್ತು ಮತ್ತೆ ಕೂರಿಸಿಕೊಂಡು ಬಂದಿದ್ದರು. ಆ ಒಂದು ದಿನ ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ನಿಜ.

ಎರಡು ಕಡೆ ಮಾತ್ರ ಅವರು ಸಡಿಲ ಬಿಡುತ್ತಿದ್ದರು. ತೋಪು ಕೂರಿಸಿದ ಮೇಲಿನ ಭಾಗಕ್ಕೆ ಅವರು ತಲೆ ಎನ್ನುತ್ತಿದ್ದರು. ಅದು ನಿಜದಲ್ಲಿ ಸುತ್ತ ತಿರುಗುತ್ತದೆ. ನಾನು ತಿರುಗುವ ಹಾಗೆ ಮಾಡಲೇ ಎಂದರೆ, "ಬ್ಯಾಡ, ಅಂಟಿಸ್ಬುಡು" ಎಂದರು. ಮುಂದುಗಡೆ ಓಡಿಸುವವನು ಇಳಿದು ಹತ್ತುವ ಮುಚ್ಚಳವನ್ನು ತೆಗೆದು ಹಾಕುವ ಹಾಗೆ ಮಾಡಲೇ ಎಂದರೆ, "ಗೀಟ್ ಎಳುದ್ರೆ ಸಾಕು." ನಾನು ದಿನವಿಡೀ ಕಾರ್ಖಾನೆಯಲ್ಲಿ ಕಣ್ಣು ಬಸಿದು ಬರುವವಳು, ಪಾಪ, ಕೆಲಸ ಕಮ್ಮಿ ಮಾಡುತ್ತಿದ್ದಾರೆ ಎಂದುಕೊಂಡೆ.

ಎಂಬತ್ತರ ದಶಕದ ಮಧ್ಯದಲ್ಲಿ ಅವ್ವ ಹಾಸಿಗೆ ಹಿಡಿದಳು. ನಾನು ಮಾಡಿದ್ದ ಟ್ಯಾಂಕಿಗೆ ಇನ್ನೇನು ತಪ್ಪು ಉಳಿದಿಲ್ಲ ಅಂತ ನನಗೆ ಗೊತ್ತಿತ್ತು. ಮಾವ ಬಂದು ಮಲಗಿ ನೋಡಿದರು. "ಚೈನು ಬಿಗ್ಯಾಗೈತೆ. ನಿಜವಾದ್ದು ಅದ್ರ ಭಾರಕ್ಕೇ ಮಧ್ಯದಲ್ ಜೋತಾಡ್ತದೆ."

"ಮಾವ, ಅವ್ವ ದಿನ ಎಣಿಸ್ತಾವ್ಳೆ. ಚೈನು ಆಮ್ಯಾಕೆ ಸರಿ ಮಾಡ್ತೀನಿ, ಒಂದ್ ಮಾತು ಸರಿ ಅನ್ಬುಡಿ."

"ಇನ್ನೂ ಆಗಿಲ್ಲ ಕಣಮ್ಮಣ್ಣಿ."

ಚೈನು ಜೋತುಬೀಳುವಂತೆ ಕೂರಿಸಿದೆ. ಆಗ ಟ್ಯಾಂಕಿನ ಮುಂದಿನ ದೀಪದ ಗಾಜು ತಪ್ಪು ಎಂದರು. ಅವ್ವನ ಕೈಗೆ ನಾನೇ ಕೊಡಲು ಹೋದರೆ, "ತಮ್ಮಯ್ಯ ಅಂದ್ನಾ?" ಎಂದಳು. ಇಲ್ಲ ಎಂದೆ. ಅಂದರು ಎಂಬ ಸುಳ್ಳು ನಾಲಿಗೆ ತುದಿವರೆಗೆ ಬಂದಿತ್ತು. ಒಂದು ಸಲ ತಪ್ಪು ಜಾಗ ತೋರಿಸಿದವಳು ನಾನೇ. ಅವ್ವ ಕೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡಳು. ಆ ವಾರವೇ ಹೋಗಿಬಿಟ್ಟಳು.

ತಿಥಿ ಮುಗಿದ ಮೇಲೆ ಹಟಕ್ಕೆ ಬಿದ್ದು ಆ ಟ್ಯಾಂಕನ್ನು ಬಿಚ್ಚಿದೆ. ತಲೆಯನ್ನು ಒಂದು ಗೂಟದ ಮೇಲೆ ತಿರುಗುವಂತೆ ಕೂರಿಸಿದೆ. ಮುಂದಿನ ಮುಚ್ಚಳವನ್ನು ಕೊರೆದು ತೆಗೆದು, ಸಣ್ಣ ತಿರುಪು ಹಾಕಿ ಏಳುವಂತೆ ಮಾಡಿದೆ. ಬೆರಳಿನಿಂದ ಮುಚ್ಚಳ ಎತ್ತಿದೆ. ಒಂದು ಅಕ್ಕಿಕಾಳಿನಷ್ಟು ಎದ್ದು ನಿಂತಿತು. ಮೇಲೆ ತೋಪು ಅಡ್ಡವಾಗಿತ್ತು. ತಲೆಯನ್ನು ಪಕ್ಕಕ್ಕೆ ತಿರುಗಿಸಿದೆ, ಮುಚ್ಚಳ ಸಲೀಸಾಗಿ ತೆರೆಯಿತು. ಮತ್ತೆ ಮುಂದಕ್ಕೆ ತಂದೆ, ತೆರೆಯಲಿಲ್ಲ.

ಎತ್ತಿಕೊಂಡು ಪಕ್ಕದ ಮನೆಗೆ ಹೋದೆ. ಅವರು ಮಂಚದ ಮೇಲೆ ಕೂತಿದ್ದರು. ಮುಚ್ಚಳ ಎತ್ತಿ ತೋರಿಸಿದೆ. "ನಿಜವಾದ್ದ್ರಲ್ಲೂ ಹಿಂಗೇನಾ ಮಾವ?"

ಅವರು ಈ ಸಲ ಮಲಗಿ ನೋಡಲಿಲ್ಲ. "ಹಂಗೇ. ತೋಪು ಕೆಳಕ್ಕಾಗಿ ಅಲ್ ನಿಂತ್ಬುಟ್ರೆ ಓಡ್ಸೋನು ಮ್ಯಾಲ್ಕೆ ಬರಾಕಾಗಲ್ಲ. ನಿಮ್ಮಣ್ಣಂಗೆ ಹಂಗೇ ಆಯ್ತು ಅಂತ ನಾನ್ ಹೇಳಲ್ಲ, ನಾನ್ ಅಲ್ಲಿರ್ನಿಲ್ಲ. ಬ್ಯಾರೇರ್ದು ನೋಡಿವ್ನಿ."

"ಅದುಕ್ಕೇ ನೀವು ಅವ್ವಂಗೆ ಸರಿ ಅಂತ ಹೇಳ್ನಿಲ್ಲ."

"ಅಕ್ಕನ ಬೆರಳು ಸುಮ್ಕಿರ್ತಿತ್ತಾ? ಬಾಗ್ಲು ಇಲ್ಲೇ ತಲೆ ಮ್ಯಾಲೇ ಇತ್ತಲ್ಲ, ನನ್ ಮಗ ಯಾಕ್ ಈಚ್ಗೆ ಬರ್ನಿಲ್ಲ ಅಂತ ಕೇಳೋಳು. ನಾನೇನ್ ಹೇಳ್ಲಿ? ಸುಳ್ ಹೇಳಾಕೆ ನಂಗ್ ಬರಲ್ಲ."

"ಚೈನು ಬಿಗಿ, ಗಾಜು ತಪ್ಪು ಅಂತ ಇಷ್ಟ್ ದಿನ ಹೇಳಿದ್ದೇನು ಮತ್ತೆ?"

"ಅವೂ ನಿಜವಾದ್ ತಪ್ಪೇ."

ಆ ಉತ್ತರಕ್ಕೆ ನನ್ನ ತಾಳ್ಮೆ ಮುಗಿಯಿತು. ಅವರೇ ಕಲಿಸಿದ್ದ ರೀತಿಯಲ್ಲಿ ಹೇಳಿದೆ. "ತಪ್ಪು ಇಲ್ಲೈತೆ ಮಾವ. ಅವ್ವಂಗೆ ತಡ್ಕಣಾಕಾಗಲ್ಲ ಅಂತ ಅವ್ಳನ್ನ ಕೇಳ್ದೆ ನೀವೇ ತೀರ್ಮಾನ ಮಾಡುದ್ರಿ. ಅವ್ಳು ಮುಟ್ಬೇಕಿತ್ತು, ಕೇಳ್ಬೇಕಿತ್ತು, ಅಳ್ಬೇಕಿತ್ತು. ಅಳೋದು ಅವ್ಳಿಗೇನ್ ಹೊಸ್ದಾ?"

ಅವರು "ಹೂಂ" ಎಂದರು. ಸಮರ್ಥಿಸಿಕೊಳ್ಳಲಿಲ್ಲ. ಆ "ಹೂಂ" ನನಗೆ ಇನ್ನೂ ಉರಿ ತರಿಸುತ್ತದೆ. ಚಕ್ರವಾದರೆ ಕಿತ್ತು ಕೂರಿಸಬಹುದು.

ಅದಾದ ಮೇಲೆ ಭಾನುವಾರಗಳು ನಿಂತುಹೋದವು. ಎದುರು ಸಿಕ್ಕರೆ ಊಟ ಆಯಿತಾ ಎನ್ನುವರು, ಆಯಿತು ಎನ್ನುವೆ. ಒಂದೆರಡು ವರ್ಷಕ್ಕೆ ಅವರು ಕಾರ್ಖಾನೆಯ ಗೇಟಿನ ಹತ್ತಿರವೇ ಕುಸಿದು ತೀರಿಕೊಂಡರು. ಮಗಳು ಧರ್ಮಪುರಿಯಿಂದ ಬರುವವರೆಗೆ ದೀಪ ಹಚ್ಚಿಟ್ಟುಕೊಂಡು ಹೆಣದ ಹತ್ತಿರ ಕೂತಿದ್ದವಳು ನಾನೇ. ಬಂದವರೆಲ್ಲ, ಒಂದು ಇರುವೆಗೂ ನೋವು ಮಾಡಿದವರಲ್ಲ ಎಂದರು. ನಾನು ದೀಪದ ಬತ್ತಿ ಮುಂದಕ್ಕೆ ತಳ್ಳಿದೆ.

ಆಮೇಲೆ ಕಾರ್ಖಾನೆಯಲ್ಲಿ ನನ್ನನ್ನು ತಯಾರಾದ ಮಾಲು ತಪಾಸಣೆ ಮಾಡುವ ಜಾಗಕ್ಕೆ ಹಾಕಿದರು. ಹುಡುಗಿಯರು ತಂದಿಟ್ಟದ್ದರಲ್ಲಿ ಯಾರಿಗೂ ಕಾಣದ ತಪ್ಪು ನನಗೆ ಕಾಣುತ್ತದೆ. ಆ ಕಣ್ಣು ಅವರು ಕೊಟ್ಟದ್ದು, ಇಲ್ಲ ಎನ್ನುವುದಿಲ್ಲ. ಒಳ್ಳೆಯ ಮನುಷ್ಯ, ಒಳ್ಳೆಯದನ್ನೇ ಯೋಚಿಸಿದರು, ಅದನ್ನೂ ಇಲ್ಲ ಎನ್ನುವುದಿಲ್ಲ. ಆದರೆ ನಮ್ಮವ್ವ ತನ್ನ ಮಗ ಕೂತ ಜಾಗ ಅಂತ ಈ ಜನ್ಮದಲ್ಲಿ ಸವರಿದ್ದು ಇಂಜಿನ್ನೊಂದನ್ನೇ.