ಖಣಿಯ ಅಂಚಿಗೆ ಕಳಿಸಿದ್ದು ನಾನು

ರೇಣುಕಾ, ಅವತ್ತು ನಿನ್ನನ್ನು ಖಣಿಯ ಅಂಚಿಗೆ ಕಳಿಸಿದ್ದು ನಾನು. ನೀನಾಗಿ ಹೋಗಲಿಲ್ಲ. ಬೇಡ ಎಂದು ನಾನು ತಡೆಯಲೂ ಇಲ್ಲ. ತಡೆದೆ ಎಂದು ಹೇಳಿದ್ದು ಸುಳ್ಳು — ಶುದ್ಧ ಸುಳ್ಳು — ಅದನ್ನು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಸಾಕಿಕೊಂಡು ಬಂದೆ.

ಈ ಮಾತು ನಿನಗೆ ಹೊಸದಲ್ಲ. ಆದರೆ ಬೇರೆಯವರೂ ಓದಲಿ ಎಂದು ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ. ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ನಾನು ತರಗತಿಯಲ್ಲಿ ಕೂಗಿದರೆ ರಸ್ತೆಯ ಮೇಲಿನ ಎಮ್ಮೆಗಳೂ ನಿಲ್ಲುತ್ತವೆ ಎಂದು ನೀವೇ ಹಿಂದಿನ ಬೆಂಚಿನಲ್ಲಿ ಕೂತು ನಗುತ್ತಿದ್ದಿರಿ. ಅಂಥ ಬಾಯಿ ಈ ಒಂದು ವಿಷಯಕ್ಕೆ ಮಾತ್ರ ಮುಚ್ಚಿಕೊಂಡು ಕೂತಿತು.

ಆಗ ನಾನು ಚಿತ್ತಾಪುರ ತಾಲ್ಲೂಕಿನ ನಿಮ್ಮ ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ನಮ್ಮದು ಚಿತ್ತಾಪುರದ ಆಚಾರ್ಯರ ಮನೆ. ಅಜ್ಜ ಮಠದಲ್ಲಿ ಪಾಠ ಹೇಳಿದವರು, ಅಪ್ಪ ಶಾಲೆಯಲ್ಲಿ. ಮಾಸ್ತರರ ಮಗಳು ಎಂಬ ಸೊಕ್ಕು ನನಗೆ ಸಾಕಷ್ಟಿತ್ತು. ಭೂಗೋಳವನ್ನು ಬರೀ ಪುಸ್ತಕ ಓದಿಸಿ ಮುಗಿಸುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಶಾಲೆಯ ಹಿಂದೆ ಬಿದ್ದಿದ್ದ ಫರ್ಸಿ ತುಂಡುಗಳನ್ನು — ಶಹಾಬಾದ್ ಕಲ್ಲಿಗೆ ನಮ್ಮ ಕಡೆ ಫರ್ಸಿ ಎನ್ನುತ್ತಾರೆ — ಒಂದರ ಮೇಲೊಂದು ಪೇರಿಸಿ ನಿಮ್ಮ ಕೈಯಿಂದಲೇ ಗುಡ್ಡ ಕಟ್ಟಿಸಿದ್ದೆ. ನಕ್ಷೆಯ ಮೇಲಿನ ಸಮೋನ್ನತಿ ರೇಖೆ — ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ — ಎಂದರೇನು ಎಂದು ಮಕ್ಕಳು ಬೆರಳಿನಿಂದ ಮುಟ್ಟಿ ತಿಳಿಯಲಿ ಎಂಬುದು ನನ್ನ ಆಸೆ. ರಸ್ತೆ ಬದಿಯ ಬೇವಿನ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹತ್ತಿದ ಧೂಳನ್ನು ಹೊಲದ ನಡುವಿನ ಗಿಡದ ಎಲೆಯ ಧೂಳಿನ ಜೊತೆ ಇಟ್ಟು ನೋಡಿದ್ದೆವು. ನೆನಪಿದೆಯೇ? ನಿನಗೆ ನೆನಪಿಲ್ಲದೆ ಏನು.

ಆ ವರ್ಷದ ದೊಡ್ಡ ಕೆಲಸ ನೀರಿನ ನಕ್ಷೆ. ಊರಿನಲ್ಲಿ ನೀರು ನಿಲ್ಲುವ ಎಲ್ಲ ಜಾಗವನ್ನೂ — ಬಾವಿ, ಹಳ್ಳ, ನೀರು ತುಂಬಿ ಬಿಟ್ಟುಹೋದ ಹಳೆಯ ಕಲ್ಲಿನ ಖಣಿ — ನಕ್ಷೆಯಲ್ಲಿ ಗುರುತಿಸಬೇಕು. ಮಳೆಗಾಲ ಮುಗಿದಾಗ ಆಳ ಅಳೆಯಬೇಕು, ಬೇಸಿಗೆಯಲ್ಲಿ ಮತ್ತೆ ಅಳೆಯಬೇಕು. ನಾವು ಬಳಸಿದ್ದೆಷ್ಟು, ಮುಂದಿನವರಿಗೆ ಉಳಿದದ್ದೆಷ್ಟು ಎಂದು ಮಕ್ಕಳೇ ಲೆಕ್ಕ ಹಾಕಬೇಕು. ಅಳೆಯಲು ಒಂದು ಹಗ್ಗ, ತುದಿಗೆ ಕಲ್ಲು, ಮೀಟರಿಗೊಂದು ಬಣ್ಣದ ಬಟ್ಟೆಯ ಚೂರು. ಆ ಚೂರುಗಳನ್ನು ನಿನ್ನ ಅವ್ವನ ಹಳೆಯ ಸೀರೆಗಳಿಂದ ಹರಿದು ತಂದವಳು ನೀನು. ಒಂಬತ್ತನೆಯ ತರಗತಿಯ ಹುಡುಗಿ, ಎಷ್ಟು ಚಂದ ಗಂಟು ಹಾಕಿದ್ದೆ! ನಕ್ಷೆ ಓದುವುದರಲ್ಲಿ ನಿನ್ನನ್ನು ಮೀರಿಸುವವರು ಆ ಶಾಲೆಯಲ್ಲಿ ಇರಲಿಲ್ಲ. ಇದನ್ನು ಆಗಲೇ ನಿನ್ನೆದುರು ಹೇಳಬೇಕಿತ್ತು. ಹೇಳಲಿಲ್ಲ, ಹುಡುಗರು ತಲೆಯ ಮೇಲೆ ಕೂರುತ್ತಾರೆ ಎಂಬ ನನ್ನ ಹಾಳು ಶಿಸ್ತು.

ಕಲಬುರಗಿಯ ವಸ್ತುಪ್ರದರ್ಶನ ಹತ್ತಿರ ಬಂದಿತ್ತು. ಬಾವಿಗಳೆಲ್ಲ ಮುಗಿದು ಖಣಿಯೊಂದೇ ಉಳಿದಿತ್ತು. ನಕ್ಷೆಯ ಮೇಲೆ ಆ ಜಾಗ ಬೆಳ್ಳಗೆ ಕಂಡಾಗಲೆಲ್ಲ ನನಗೆ ತಡೆಯಲಾಗುತ್ತಿರಲಿಲ್ಲ. ಹೆಡ್‌ಮಾಸ್ತರರು "ಮಕ್ಕಳನ್ನ ನೀರಿನ ಹತ್ರ ಬಿಡಬ್ಯಾಡ್ರಿ ಮೇಡಂ" ಎಂದು ಹೇಳಿಯೇ ಕಳಿಸಿದ್ದರು. ನಾನು ಹೂಂ ಎಂದು ತಲೆಯಾಡಿಸಿ ಹೊರಟೆ.

ಖಣಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಉಳಿದವರನ್ನು ಆಚೆ ದಂಡೆಯ ಜಾಲಿಗಿಡಗಳ ನೆರಳಲ್ಲಿ ಕೂರಿಸಿ ರೇಖಾಚಿತ್ರ ಬರೆಯಲು ಹಚ್ಚಿದೆ. ಹಗ್ಗ ಹಿಡಿದು ನನ್ನ ಜೊತೆ ಈಚೆ ದಂಡೆಗೆ ಬಂದವಳು ನೀನೊಬ್ಬಳೇ. ಮೊದಲು ಬಿಟ್ಟಾಗ ಹಗ್ಗದ ತುದಿಯ ಕಲ್ಲು ನೀರು ಮುಟ್ಟದೆ ಕೆಳಗಿನ ಮೆಟ್ಟಿಲಿನಂಥ ಕಲ್ಲಿನ ಮೇಲೆ ಕೂತಿತು. ಎರಡನೆಯ ಸಲವೂ ಅಷ್ಟೇ. ಇನ್ನೂ ಮುಂದೆ ಹೋಗಿ ಬಿಡಬೇಕಿತ್ತು — ಅಂಚಿನ ತುದಿಯಲ್ಲಿ ಚಾಚಿಕೊಂಡಿದ್ದ ಆ ಚಪ್ಪಟೆ ಕಲ್ಲಿನ ಮೇಲೆ ನಿಂತು.

ನೀನು ಒಂದು ಕಾಲಿಟ್ಟು ಹಿಂದಕ್ಕೆ ತೆಗೆದೆ. "ಮೇಡಂ, ಕಲ್ಲು ಅಲ್ಲಾಡ್ಲಿಕತ್ತದ್ರಿ" ಎಂದೆ.

ನಾನು ಏನೆಂದೆ ಎಂಬುದು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಏನೂ ಆಗಂಗಿಲ್ಲ, ಹೋಗು. ದಿನಾ ಮನ್ಯಾಗ ಫರ್ಸಿ ಮ್ಯಾಲೇ ನಡ್ಯಾಕಿ, ಇಲ್ಲಿ ಯಾಕ ಅಂಜ್ತಿ?"

ಹೌದು, ನಮಗೆ ಆ ಕಲ್ಲು ಎಂದರೆ ಮನೆ. ನೆಲ ಅದೇ, ಮಾಳಿಗೆ ಅದೇ, ಬಾಗಿಲ ಮುಂದಿನ ಕಟ್ಟೆ ಅದೇ, ಬಟ್ಟೆ ಒಗೆಯುವುದೂ ಅದರ ಮೇಲೆಯೇ. ಹುಟ್ಟಿದಾಗಿನಿಂದ ಕಾಲಡಿ ಇದ್ದ ಕಲ್ಲು ಮೋಸ ಮಾಡುತ್ತದೆ ಎಂದು ನಮ್ಮ ಜನಕ್ಕೆ ಹೊಳೆಯುವುದಿಲ್ಲ. ಆದರೆ ನಾನು — ಹಿಂದಿನ ವಾರವಷ್ಟೇ ಬೋರ್ಡಿನ ಮೇಲೆ ಪದರುಶಿಲೆಯ ಚಿತ್ರ ಬರೆದು, ಇದು ಪದರು ಪದರಾಗಿ ಬಿಡುತ್ತದೆ, ಅದಕ್ಕೇ ಹಾಸುಗಲ್ಲಾಗುತ್ತದೆ ಎಂದು ಪಾಠ ಮಾಡಿದವಳು. ನೀನು ಪಾಠ ನೆನಪಿಟ್ಟು ಅಂಜಿದೆ. ಪಾಠ ಹೇಳಿದ ನಾನು ಗದರಿದೆ.

ನೀನು ಹೋದೆ. ಕಲ್ಲು ನಿನ್ನ ಸಮೇತ ಜಾರಿತು.

ಕೆಳಗಿನ ಮೆಟ್ಟಿಲಿನ ಮೇಲೆ ನೀನು ಬಿದ್ದೆ. ಇನ್ನೊಂದು ಮಾರು ಆಚೆ ಬಿದ್ದಿದ್ದರೆ ನೀರು. ಆ ನೀರು ಎಷ್ಟು ಆಳ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ — ಅದನ್ನು ತಿಳಿಯಲೆಂದೇ ಬಂದಿದ್ದೆವಲ್ಲ. ಎಡಗೈ ಮೈಯ ಕೆಳಗೆ ಸಿಕ್ಕಿ ಮಡಚಿತ್ತು. ಹಗ್ಗ ಮಾತ್ರ ಬಲಗೈಯಲ್ಲಿ ಬಿಗಿಯಾಗಿ ಹಾಗೇ ಇತ್ತು. ಅಯ್ಯೋ ದೇವರೇ ಎಂದು ನಾನು ಕಿರುಚಿದ್ದು ಕೇಳಿ ಹೊಲದಲ್ಲಿದ್ದವರು ಓಡಿಬಂದು ನಿನ್ನನ್ನು ಎತ್ತಿದರು.

ಆಸ್ಪತ್ರೆಗೆ ನಿನ್ನ ಅಪ್ಪ ಬಂದರು, ಹೆಡ್‌ಮಾಸ್ತರರು ಬಂದರು. "ಏನಾಯ್ತು ಮೇಡಂ?" ಎಂದು ಹೆಡ್‌ಮಾಸ್ತರರು ಕೇಳಿದಾಗ ನಿನ್ನ ಕೈಗೆ ಕಟ್ಟು ಹಾಕುತ್ತಿದ್ದರು, ನೀನು ಅರ್ಧ ಕಣ್ಣು ಮುಚ್ಚಿ ಮಲಗಿದ್ದೆ. ನನ್ನ ನೌಕರಿ, ನನ್ನ ಹೆಸರು, ಅಪ್ಪನ ಹೆಸರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಬಾಯಿ ತಾನಾಗಿ ಆಡಿತು ಎಂದು ಬರೆಯಬಹುದು — ಆದರೆ ಬಾಯಿ ತಾನಾಗಿ ಆಡುವುದಿಲ್ಲ. ಯೋಚಿಸಿಯೇ ಹೇಳಿದೆ.

"ನಾ ಬ್ಯಾಡ ಅಂದಿದ್ದೆ ಸರ್. ಆಕಿ ಮಾತು ಕೇಳ್ಲಿಲ್ಲ."

ನೀನು ಕಣ್ಣು ತೆರೆದು ನನ್ನನ್ನು ನೋಡಿದೆ. ಏನೂ ಅನ್ನಲಿಲ್ಲ. ನಾನು ಅದನ್ನು ಗುರುಭಕ್ತಿ ಎಂದುಕೊಂಡೆ! ಹುಡುಗಿ ನನ್ನನ್ನು ಕಾಪಾಡಿದಳು ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡೆ. ನಕ್ಷೆ ಕಲಬುರಗಿಗೆ ಹೋಯಿತು, ಖಣಿಯ ಜಾಗ ಖಾಲಿ ಇಟ್ಟುಕೊಂಡೇ. ನೋಡಿದವರು ಮೆಚ್ಚಿದರು, ನನ್ನನ್ನು ಹೊಗಳಿದರು. ನೀನು ಕೈಗೆ ಕಟ್ಟು ಹಾಕಿಕೊಂಡು ಮನೆಯಲ್ಲಿದ್ದೆ.

ಇಲ್ಲಿಗೆ ಮುಗಿದಿದ್ದರೆ — ಇಲ್ಲ, ಮುಗಿಯಲಿಲ್ಲ. ಇದಕ್ಕಿಂತ ದೊಡ್ಡ ತಪ್ಪು ಇನ್ನೂ ಬಾಕಿ ಇತ್ತು.

ಮರುವರ್ಷ ನೀನು ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕ ತೆಗೆದು ಮುಗಿಸಿದೆ. ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತೇನೆ, ಭೂಗೋಳದ ಟೀಚರ್ ಆಗುತ್ತೇನೆ ಎಂದು ಹಟ ಹಿಡಿದೆ. ನಿನ್ನ ಅಪ್ಪ ಶಿವಶರಣಪ್ಪನವರು ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದರು. ಕುಂದ್ರಿ ಎಂದರೂ ಕೂರಲಿಲ್ಲ.

"ಮೇಡಂರ, ಹುಡುಗಿ ಭಾಳ ಹಟ ಮಾಡ್ಲಿಕತ್ತಾಳ್ರಿ. ಓದಸ್ಲಿಕ್ಕ ನಂದೇನೂ ಬ್ಯಾಡಿಲ್ಲ. ಆದ್ರ ಮಾತು ಕೇಳದಾಕೀನ ಅಷ್ಟು ದೂರ ಹೆಂಗ ಬಿಡ್ಲಿ? ಖಣ್ಯಾಗ ನೀವೇ ನೋಡೀರಲ್ಲ. ನೀವು ಒಂದು ಮಾತು ಹೇಳ್ರಿ, ನೀವು ಹೆಂಗಂತೀರಿ ಹಂಗ."

ಒಂದು ಮಾತು. ಅಷ್ಟೇ ಕೇಳಿದ್ದರು. ಬಾಗಿಲ ಹೊರಗೆ ನೀನು ನಿಂತಿದ್ದೆ, ನಿನ್ನ ಚಪ್ಪಲಿ ನನಗೆ ಕಾಣುತ್ತಿತ್ತು. ಆಕೆ ಮಾತು ಕೇಳುವ ಹುಡುಗಿ, ಕೇಳಿದ್ದಕ್ಕೇ ಬಿದ್ದಳು — ಇಷ್ಟು ಹೇಳಿದ್ದರೆ ಸಾಕಿತ್ತು. ಈಗ ನಿಜ ಹೇಳಿದರೆ ಹಿಂದಿನದೆಲ್ಲ ಹೊರಬೀಳುತ್ತದೆ ಎಂದು —

"ಅದು ನಿಮ್ಮ ಮನಿ ವಿಚಾರ ರೀ. ಅದ್ರಾಗ ನಾ ಏನ್ ಹೇಳ್ಲಿ" ಎಂದುಬಿಟ್ಟೆ.

ಚಪ್ಪಲಿಗಳು ಬಾಗಿಲಿನಿಂದ ಸರಿದವು. ನಿನ್ನ ಓದು ಅಲ್ಲಿಗೆ ನಿಂತಿತು.

ನನಗೆ ವರ್ಗವಾಯಿತು. ಸೇಡಂ ಕಡೆ ಕೆಲವು ವರ್ಷ, ಚಿಂಚೋಳಿ ಕಡೆ ಕೆಲವು ವರ್ಷ. ಹೋದಲ್ಲೆಲ್ಲ ಚಟುವಟಿಕೆ ಮಾಡಿಸಿದೆ, ಖಣಿಯ ಹತ್ತಿರ ಮಾತ್ರ ಯಾವ ಮಗುವನ್ನೂ ಕರೆದೊಯ್ಯಲಿಲ್ಲ. ಮಕ್ಕಳ ಸುರಕ್ಷತೆಯ ಬಗ್ಗೆ ಬೇರೆ ಶಿಕ್ಷಕರಿಗೆ ತರಬೇತಿ ಕೊಟ್ಟೆ, ಚಪ್ಪಾಳೆ ತೆಗೆದುಕೊಂಡೆ. ಎಂಥ ನಾಚಿಕೆಗೇಡು.

ಈ ವರ್ಷ ಸುಲೇಪೇಟದ ಹತ್ತಿರದ ಶಾಲೆಗೆ ಬಂದೆ. ಮೊನ್ನೆ ಪಾಲಕರ ಸಭೆಯಲ್ಲಿ, ಮಕ್ಕಳನ್ನು ಬಾವಿಯ ಆಳ ಅಳೆಯಲು ಕರೆದೊಯ್ಯುತ್ತೇವೆ ಎಂದು ನಾನು ಹೇಳುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಚಹಾದ ಕಪ್ಪು ಹಿಡಿದ ಎಡಗೈ ಪೂರ್ತಿ ಚಾಚುತ್ತಿರಲಿಲ್ಲ. ಮುಖಕ್ಕಿಂತ ಮೊದಲು ಆ ಮೊಣಕೈಯ ಗುರುತು ಹತ್ತಿತು ನನಗೆ.

"ಹಗ್ಗ ಯಾರು ಹಿಡೀತಾರ್ರಿ ಮೇಡಂ?" ಎಂದೆ ನೀನು.

ಪಾಲಕರು ನಕ್ಕರು. ಇದೆಂಥ ಪ್ರಶ್ನೆ ಎಂದು ಅವರಿಗೆ. "ನಾನೇ" ಎಂದೆ. "ಆಗಲ್ರಿ. ಹಂಗಾದ್ರ ನನ್ನ ಮಗಳನ್ನ ಕಳಸ್ತೀನಿ" ಎಂದು ನೀನು ಕೂತೆ. ಬಯ್ಯಲಿಲ್ಲ, ಹಳೆಯದನ್ನು ಎತ್ತಲಿಲ್ಲ. ಬೈದಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ.

ಅದಾದ ಮೇಲಿನ ಭಾನುವಾರ ನಿನ್ನ ತವರೂರಿಗೆ ಹೋದೆ. ನಿನ್ನ ಅಪ್ಪ ಬಾಗಿಲ ಮುಂದಿನ ಫರ್ಸಿ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರು. ನನ್ನ ಗುರುತು ಹಿಡಿದು, "ಬರ್ರಿ ಮೇಡಂರ, ಬರ್ರಿ" ಎಂದು ಮೊರ ಬದಿಗಿಟ್ಟು ಎದ್ದರು. ಆ ಮರ್ಯಾದೆಯನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ನಿಂತುಕೊಂಡೇ ಹೇಳಿದೆ.

"ಶಿವಶರಣಪ್ಪನವರ, ನಿಮ್ಮ ಮಗಳು ಖಣ್ಯಾಗ ಮಾತು ಕೇಳದೆ ಬಿದ್ದಿಲ್ರಿ. ನನ್ನ ಮಾತು ಕೇಳಿ ಬಿದ್ದಾಳ. ನಾನೇ ಹೋಗು ಅಂದಿದ್ದೆ. ನಿಮಗ ಸುಳ್ಳ ಹೇಳಿದ್ದೆ."

ಬಯ್ಯುತ್ತಾರೆ, ಬಯ್ಯಲಿ ಎಂದು ಕಾದೆ. ಅವರು ಮೆಲ್ಲಗೆ ಕೂತರು.

"ಆಕಿ ಹೇಳಿದ್ಳು ರೀ" ಎಂದರು. "ದವಾಖಾನಿಯಿಂದ ಮನೀಗಿ ಬಂದ ದಿನಾನೇ ಹೇಳಿದ್ಳು. ಮೇಡಂ ಕಳಸಿದ್ರಪ್ಪಾ ಅಂದ್ಳು. ಮೇಡಂ ಸುಳ್ಳ ಹೇಳ್ತಾರೇನ ಅಂತ ನಾನೇ ಕಪಾಳಕ್ಕ ಹೊಡದೆ. ಕೈ ಮುರಕೊಂಡು ಕುಂತಾಕಿಗಿ ಹೊಡದೀನ್ರಿ. ಮತ್ತ ಆಕಿ ಬಾಯಿ ತೆರೀಲಿಲ್ಲ."

ನೀನು ನನ್ನನ್ನು ಕಾಪಾಡಿರಲಿಲ್ಲ, ರೇಣುಕಾ. ನೀನು ನಿಜ ಹೇಳಿದ್ದೆ. ನನ್ನ ಮಾತಿನ ತೂಕ ನಿನ್ನ ಕೆನ್ನೆಯ ಮೇಲೆ ಬಿದ್ದಿತ್ತು, ಇದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ನಿನ್ನ ಅಪ್ಪ ಎದ್ದು ಒಳಗೆ ಹೋದರು. ಒಗೆದ ಅಂಗಿ ಹಾಕಿಕೊಂಡು, ತಲೆಗೆ ರುಮಾಲು ಸುತ್ತಿಕೊಳ್ಳುತ್ತಾ ಹೊರಗೆ ಬಂದು ನನ್ನನ್ನೇ ಕೇಳಿದರು — "ಸುಲೇಪೇಟಕ್ಕ ಬಸ್ಸು ಎಷ್ಟೊತ್ತಿಗದ ರೀ?"

ನೀನು ಇದನ್ನು ಓದುವ ಹೊತ್ತಿಗೆ ಅವರು ನಿನ್ನ ಮನೆಗೆ ಬಂದಿರುತ್ತಾರೆ. ಅವರು ಏನು ಹೇಳಿದರು ಎಂದು ನಾನು ಕೇಳುವುದಿಲ್ಲ, ಕೇಳುವ ಹಕ್ಕು ನನಗಿಲ್ಲ. ಕ್ಷಮಿಸು ಎಂದೂ ಬರೆಯುವುದಿಲ್ಲ — ಬರೆದರೆ ಅದನ್ನು ಹೊರುವ ಭಾರವೂ ನಿನ್ನ ಮೇಲೆಯೇ ಬೀಳುತ್ತದೆ. ಬುಧವಾರ ಮಕ್ಕಳನ್ನು ಬಾವಿಗೆ ಕರೆದೊಯ್ಯುವ ಮೊದಲು ಈ ಬರಹವನ್ನು ಪಾಲಕರೆದುರು ನಾನೇ ಓದುತ್ತೇನೆ. ಅದಾದ ಮೇಲೆ ನನ್ನ ಜೊತೆ ಮಕ್ಕಳನ್ನು ಕಳಿಸುವುದು ಬಿಡುವುದು ಅವರಿಗೆ ಬಿಟ್ಟದ್ದು.

ಬಾವಿಗೆ ಎದೆಮಟ್ಟದ ಕಟ್ಟೆ ಇದೆ. ಹಗ್ಗ ನಾನು ಹಿಡಿಯುತ್ತೇನೆ. ನಿನ್ನ ಮಗಳು ಬಂದರೆ, ಮೇಡಂ, ಇಲ್ಲಿ ಕಲ್ಲು ಅಲ್ಲಾಡ್ಲಿಕತ್ತದ್ರಿ ಎಂದು ಆಕೆ ಅಂದರೆ, ಅಲ್ಲಿಗೇ ನಿಲ್ಲುತ್ತೇನೆ. ಬರದಿದ್ದರೆ ಯಾಕೆ ಎಂದು ಕೇಳುವುದಿಲ್ಲ.