ಅಕ್ಕೋರ ತಲೆಗೆ ಬಿದ್ದ ಚೆಂಡು

ನಾನು ಫುಟ್‌ಬಾಲ್ ಕೋಚ್ ಆದದ್ದು ಒಂದು ಮದುವೆ ಊಟದ ದೆಸೆಯಿಂದ. ಇಳಕಲ್ಲಿನ ನಮ್ಮ ಪ್ರೌಢಶಾಲೆಯ ದೈಹಿಕ ಶಿಕ್ಷಕರು ವರ್ಗವಾಗಿ ಹೋಗಿದ್ದರು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹುಡುಗಿಯರ ತಂಡವನ್ನು ಯಾರು ನೋಡಿಕೊಳ್ಳಬೇಕೆಂದು ತೀರ್ಮಾನಿಸುವ ಸಭೆ ನಡೆಯುತ್ತಿದ್ದಾಗ ನಾನು ಹುನಗುಂದದಲ್ಲಿ ಚಿಕ್ಕಮ್ಮನ ಮಗಳ ಮದುವೆಯ ಪಂಕ್ತಿಯಲ್ಲಿ ಕೂತು ಮತ್ತೊಮ್ಮೆ ಮಾದಲಿ ಹಾಕಿಸಿಕೊಳ್ಳುತ್ತಿದ್ದೆ. ಮರುದಿನ ಶಾಲೆಗೆ ಬಂದರೆ ಹೆಡ್‌ಮಾಸ್ತರರು ನನ್ನ ಕೈಗೆ ಒಂದು ಸೀಟಿ ಇಟ್ಟರು.

"ಎಲ್ಲಾರೂ ನಿಮ್ಮ ಹೆಸರ ಹೇಳಿದ್ರು ನೋಡ್ರಿ."

ನಾನು ಕನ್ನಡ ಕಲಿಸುವವಳು. ವಯಸ್ಸು ಐವತ್ತರ ಹತ್ತಿರ, ಮೆಟ್ಟಿಲು ಹತ್ತಿದರೆ ಏದುಸಿರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೈದಾನದ ಗೆರೆಯಾಚೆ ನಿಂತು "ಓಡ್ರಿ, ಓಡ್ರಿ" ಎನ್ನುವುದೇ ನಾನು ಕೊಡುತ್ತಿದ್ದ ತರಬೇತಿ. ಹುಡುಗಿಯರು ನಾನು ಹೇಳುವ ಮೊದಲೇ ಓಡುತ್ತಿದ್ದರು. ಒಮ್ಮೆ ಎದುರಿನವರು ಗೋಲು ಹೊಡೆದಾಗ ಚಪ್ಪಾಳೆ ತಟ್ಟಿದ್ದೂ ಉಂಟು. ಚೆಂಡು ಬಲೆಯೊಳಗೆ ಹೋದದ್ದಷ್ಟೇ ನನಗೆ ಕಂಡಿತ್ತು, ಯಾರ ಬಲೆ ಎಂಬುದು ಹೊಳೆದಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಬಾಗಲಕೋಟೆಯ ನವನಗರದಲ್ಲಿ ಕೋಚ್‌ಗಳಿಗೆ ಒಂದು ದಿನದ ತರಬೇತಿ ಇತ್ತು. ಟ್ರ್ಯಾಕ್‌ಸೂಟು ತೊಟ್ಟ ಗಂಡಸರ ನಡುವೆ ಕಾಟನ್ ಸೀರೆಯವಳು ನಾನೊಬ್ಬಳೇ. ಬೆಳಿಗ್ಗೆ ಆಟದ ತಂತ್ರಗಳನ್ನು ಹೇಳಿಕೊಟ್ಟರು, ಒಂದಕ್ಷರ ತಲೆಗೆ ಹೋಗಲಿಲ್ಲ. ಊಟವಾದ ಮೇಲೆ ಒಬ್ಬ ಡಾಕ್ಟರು ಆಟದಲ್ಲಿ ತಲೆಗೆ ಪೆಟ್ಟಾಗುವ ಬಗ್ಗೆ ಮಾತನಾಡಿದರು. ಉಳಿದವರು ತೂಕಡಿಸುತ್ತಿದ್ದರು. ನನಗೆ ಮಾತ್ರ ಅದು ಪೂರ್ತಿ ಅರ್ಥವಾಯಿತು, ಏಕೆಂದರೆ ಅದರಲ್ಲಿ ಓಡುವುದೇನೂ ಇರಲಿಲ್ಲ. ತಲೆಗೆ ಪೆಟ್ಟು ಬಿದ್ದ ಮಗುವನ್ನು ಕೂಡಲೇ ಹೊರಗೆ ಕರೆಯಬೇಕು, ಆ ದಿನ ಮತ್ತೆ ಆಡಿಸಬಾರದು, "ನನಗೇನೂ ಆಗಿಲ್ಲ" ಎಂದರೆ ನಂಬಬಾರದು, ಮತ್ತೆ ಆಡಬಹುದೆಂದು ಹೇಳಬೇಕಾದವರು ಡಾಕ್ಟರೇ ಹೊರತು ಕೋಚ್ ಅಲ್ಲ.

ಊರಿಗೆ ಬಂದವಳೇ ಇದನ್ನು ಪದ್ಯದ ಹಾಗೆ ಹುಡುಗಿಯರಿಂದ ಕಂಠಪಾಠ ಮಾಡಿಸಿದೆ. ಫುಟ್‌ಬಾಲಿನಲ್ಲಿ ನನಗೆ ಗೊತ್ತಿದ್ದದ್ದು ಇದೊಂದೇ ಆದ್ದರಿಂದ ದಿನಾ ಇದನ್ನೇ ಕಲಿಸಿದೆ.

ಹುನಗುಂದದಲ್ಲಿ ತಾಲ್ಲೂಕು ಮಟ್ಟದ ಪಂದ್ಯ ಹತ್ತಿರ ಬಂದಿತ್ತು. ಆ ಸಂಜೆ ಯಾರು ಎಲ್ಲಿ ನಿಲ್ಲಬೇಕೆಂದು ತೋರಿಸಲು, ಯಾರೂ ಕರೆಯದಿದ್ದರೂ, ನಾನೇ ಮೈದಾನದ ನಡುವೆ ಹೋಗಿ ನಿಂತೆ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಒದೆಯುವ ಹುಡುಗಿಯ ಚೆಂಡು ನೇರ ಬಂದು ನನ್ನ ಕಿವಿಯ ಮೇಲೆ ಬಡಿಯಿತು. ಚಷ್ಮಾ ಹಾರಿತು, ನಾನು ಕೂತುಬಿಟ್ಟೆ. ಯಾರೂ ಕೇಳುವ ಮೊದಲೇ ಎದ್ದು ನಿಂತು, "ನನಗೇನೂ ಆಗಿಲ್ಲ" ಎಂದೆ.

ಆಮೇಲೆ, "ಯಾರ ಒದ್ದದ್ದು?" ಎಂದು ಕೇಳಿದೆ. ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ.

ಗೋಲ್‌ಕೀಪರ್ ಹುಡುಗಿ ಹತ್ತಿರ ಬಂದು ನನ್ನ ಮುಖ ನೋಡಿದಳು. "ಅಕ್ಕೋರ, ಕೇಳಿದ್ದನ್ನ ಮತ್ತ ಮತ್ತ ಕೇಳಾಕತ್ತೀರಿ. ಹೊರಗ ಬರ್ರಿ."

"ನಾ ಎಲ್ಲಿ ಆಡಾಕತ್ತೇನಿ? ಸುಮ್ನ ನಿಂತೇನಿ."

"ನಿಂತವ್ರಿಗೂ ತಲಿ ಇರತೈತ್ರಿ."

ಅವಳು ನನ್ನ ಕೈ ಹಿಡಿದು ಬೇವಿನ ಮರದ ಕೆಳಗೆ ಕೂರಿಸಿ, ಸ್ಕೂಟಿಯ ಕೀಲಿ ಕಿತ್ತುಕೊಂಡು ಗಣಿತದ ಮಾಸ್ತರರನ್ನು ಕರೆತರಲು ಓಡಿದಳು. ಅವರು ನನ್ನನ್ನು ತಮ್ಮ ಕಾರಿನಲ್ಲಿ ದವಾಖಾನೆಗೆ ಕರೆದೊಯ್ದರು. ಡಾಕ್ಟರು ಪರೀಕ್ಷಿಸಿ, ಮನೆಯಲ್ಲಿ ವಿಶ್ರಾಂತಿ, ಪಂದ್ಯಕ್ಕೆ ಹೋಗಕೂಡದು ಎಂದರು.

"ನಾ ಕೋಚ್ ಅದೇನ್ರಿ!" ಎಂದೆ ಗತ್ತಿನಿಂದ.

"ಹಂಗಾರ ನಾ ಹೇಳೂದ ಬ್ಯಾಡ, ನಿಮಗ ಗೊತ್ತಿರಬೇಕಲ್ರಿ," ಎಂದರು ಅವರು.

ಕತ್ತಲೆ ಕೋಣೆಯಲ್ಲಿ ಮಲಗಿದೆ. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ತಲೆ ಸಿಡಿಯುತ್ತಿತ್ತು. ಆದರೂ ಡಾಕ್ಟರಿಗೆ ಫೋನ್ ಮಾಡಿ "ತಲಿನೋವು ಪೂರಾ ಹೋತ್ರಿ" ಎಂದು ಸುಳ್ಳು ಹೇಳಿದೆ. ಹುಡುಗಿಯರಿಗೆ ಸುಳ್ಳು ಹೇಳಬೇಡಿರೆಂದು ಕಲಿಸಿದ್ದವಳು ನಾನೇ. ಡಾಕ್ಟರು ನಂಬಲಿಲ್ಲ. ಆಡಬೇಕೆನ್ನುವ ಮಕ್ಕಳು ಯಾಕೆ ಸುಳ್ಳು ಹೇಳುತ್ತಾರೆಂದು ತರಬೇತಿಯ ದಿನ ತಿಳಿದದ್ದಕ್ಕಿಂತ ಹೆಚ್ಚು ಆಗ ತಿಳಿಯಿತು.

ಪಂದ್ಯಕ್ಕೆ ಗಣಿತದ ಮಾಸ್ತರರೇ ಹುಡುಗಿಯರನ್ನು ಕರೆದೊಯ್ದರು. ನಮ್ಮವರು ಗೆದ್ದರು. ಹೇಗೆ ಗೆಲ್ಲಿಸಿದಿರಿ ಎಂದು ಕೇಳಿದರೆ, "ಏನೂ ಮಾಡಲಿಲ್ರಿ, ಬಾಯಿ ಮುಚಗೊಂಡ ಕುಂತಿದ್ದೆ" ಎಂದರು. ಚೆಂಡಿಗಿಂತ ಜೋರಾಗಿ ಬಡಿದದ್ದು ಆ ಮಾತು.

ಜಿಲ್ಲಾ ಪಂದ್ಯ ಬಾಗಲಕೋಟೆಯಲ್ಲಿತ್ತು. ಅಷ್ಟರಲ್ಲಿ ನನಗೆ ಗುಣವಾಗಿತ್ತು. ಗೆದ್ದ ಕಪ್ಪಿನ ಜೊತೆ ಫೋಟೊ ತೆಗೆಯುವುದು ಖಂಡಿತವೆಂದು ಹೊಸ ಇಳಕಲ್ ಸೀರೆ ಉಟ್ಟುಕೊಂಡು ಹೋದೆ. ಎರಡೂ ತಂಡದ ಗೋಲುಗಳು ಸಮ ಇದ್ದವು, ಆಟ ಮುಗಿಯಲು ಬಂದಿತ್ತು. ನಮ್ಮ ಗೋಲ್‌ಕೀಪರ್ ಚೆಂಡಿಗಾಗಿ ಜಿಗಿದು ಬಿದ್ದಳು, ಎದುರಿನ ಹುಡುಗಿಯ ಮೊಣಕಾಲು ಅವಳ ತಲೆಗೆ ಬಡಿಯಿತು. ಸ್ವಲ್ಪ ಹೊತ್ತು ಅಲುಗಾಡದೆ ಬಿದ್ದಿದ್ದವಳು ಎದ್ದಳು, ಕೈಗವಸು ಸರಿಮಾಡಿಕೊಂಡಳು, ಮೆಲ್ಲಗೆ ಎದುರಿನವರ ಗೋಲಿನ ಕಡೆಗೆ ನಡೆಯತೊಡಗಿದಳು.

ನೋಡುತ್ತಿದ್ದ ಜನ ನಕ್ಕರು. ರೆಫರಿಯ ಅಪ್ಪಣೆ ಕೇಳಬೇಕೆಂಬುದೂ ನೆನಪಾಗದೆ ಒಳಗೆ ಓಡಿದೆ, ಒಂದು ಚಪ್ಪಲಿ ಹಿಂದೆಯೇ ಉಳಿಯಿತು. ರೆಫರಿ ನನ್ನ ಮೇಲೆಯೇ ಸೀಟಿ ಊದಿದರು.

"ನನಗೇನೂ ಆಗಿಲ್ರಿ ಅಕ್ಕೋರ," ಎಂದಳು ಹುಡುಗಿ. "ಇನ್ನ ಸ್ವಲ್ಪ ಹೊತ್ತ ಉಳದೈತಿ. ಆಡ್ತೇನ್ರಿ."

"ಇಲ್ಲವ್ವಾ, ಹೊರಗ ಬಾ."

ಗ್ರಾನೈಟ್ ಪಾಲಿಶ್ ಘಟಕದಲ್ಲಿ ದುಡಿಯುವ ಅವಳ ತಂದೆ ಹಗ್ಗದಾಚೆಯಿಂದ ಕೂಗಿದರು. "ಏನ ಆಗೇತ್ರಿ ಆಕಿಗೆ? ಫ್ಯಾಕ್ಟರ್ಯಾಗ ನಾವು ಇದಕ್ಕಿಂತ ಜೋರ ಬಡಸ್ಕೋತೀವಿ, ಮಾರಿ ತೊಳಕೊಂಡು ಮತ್ತ ಕೆಲಸಕ್ಕ ಹತ್ತತೀವಿ. ಆಡಸ್ರಿ!"

ನಿಜ ಹೇಳುತ್ತೇನೆ, ಅವರು ಇನ್ನೊಂದು ಸಲ ಜೋರು ಮಾಡಿದರೆ ನಾನು ಒಪ್ಪಿಬಿಡಬಹುದು, ತಪ್ಪು ಅವರ ಪಾಲಿಗಿರಲಿ ಎಂಬ ಆಸೆ ನನ್ನಲ್ಲಿ ಹಾದುಹೋಯಿತು. "ಇಲ್ಲಿ ಆಕಿ ನನ್ನ ಜವಾಬ್ದಾರಿ ಅದಾಳ್ರಿ," ಎಂದೆ. "ನಾ ಆಡಸೂದಿಲ್ಲ." ನನ್ನ ದನಿ ಅಷ್ಟು ಸಣ್ಣಗಿತ್ತು, ಅವರಿಗೆ ಕೇಳಿಸಿತೋ ಇಲ್ಲವೋ.

ಚೆಂಡು ಬಂದರೆ ಕಣ್ಣು ಮುಚ್ಚುವ ಹುಡುಗಿಯೊಬ್ಬಳನ್ನು ಗೋಲಿಗೆ ನಿಲ್ಲಿಸಿದೆವು. ಅವಳು ಕಣ್ಣು ಮುಚ್ಚಿದಳು, ನಾವು ಸೋತೆವು. ಆಟ ಮುಗಿಯುವಾಗ ನಾನು ಅಲ್ಲಿರಲಿಲ್ಲ. ತಂದೆ ಮಗಳ ಜೊತೆ ಆಟೋದಲ್ಲಿ ದವಾಖಾನೆಗೆ ಹೊರಟಿದ್ದೆ. ದಾರಿಯಲ್ಲಿ ಹುಡುಗಿ ನನ್ನ ಹೊಸ ಸೀರೆಯ ಮೇಲೆ ವಾಂತಿ ಮಾಡಿಕೊಂಡಳು. ಅಲ್ಲಿಯತನಕ ಗೊಣಗುತ್ತಿದ್ದ ತಂದೆ ಅವಳ ಬೆನ್ನು ಸವರುತ್ತ, "ಜಲ್ದಿ ಹೊಡೀಪಾ" ಎಂದು ಆಟೋದವನಿಗೆ ಹೇಳತೊಡಗಿದರು. ಆ ಮುಖ ನೋಡಿದಾಗ ನನಗೆ ಗೆದ್ದೆ ಎಂದೇನೂ ಅನಿಸಲಿಲ್ಲ. ನನಗೂ ಅಷ್ಟೇ ಹೆದರಿಕೆಯಾಗಿತ್ತು.

ಪೆಟ್ಟಿಗೆ ಮಿದುಳು ಅಲುಗಿದೆ, ರಕ್ತಸ್ರಾವವಿಲ್ಲ ಎಂದರು ಡಾಕ್ಟರು. ಒಂದು ರಾತ್ರಿ ಇರಿಸಿಕೊಂಡು ಮನೆಗೆ ಕಳಿಸಿದರು. ಮೊದಲು ವಿಶ್ರಾಂತಿ, ಆಮೇಲೆ ನಡಿಗೆ, ಆಮೇಲೆ ಓಟ, ಎಲ್ಲ ಸರಿಯಿದ್ದರೆ ಕೊನೆಗೆ ಚೆಂಡು.

ಶಾಲೆಗೆ ಮರಳಿದ ಹುಡುಗಿ ನನ್ನೊಡನೆ ಮಾತು ಬಿಟ್ಟಳು. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರವನ್ನು ಕಿಟಕಿಗೆ ಹೇಳುತ್ತಿದ್ದಳು. ಸ್ಟಾಫ್ ರೂಮಿನಲ್ಲಿಯೂ ಜಿಲ್ಲಾ ಕಪ್ಪು ಕಳೆದವಳೆಂದು ನನಗೆ ಹೆಸರಾಯಿತು. ನಾನು ಕಪ್ಪು ಗೆಲ್ಲಿಸಬಲ್ಲವಳೆಂದು ಅವರು ನಂಬಿದ್ದರಲ್ಲ ಎಂದು ಒಳಗೊಳಗೆ ಹಿಗ್ಗಿದೆ.

ಡಾಕ್ಟರು ಒಪ್ಪಿದ ಮೇಲೆ ಅವಳು ಮೈದಾನಕ್ಕೆ ಬಂದ ಸಂಜೆ ನನ್ನ ಪಕ್ಕ ನಿಂತು ಕೈಗವಸು ಹಾಕಿಕೊಂಡಳು.

"ನನಗಿನ್ನೂ ಸಿಟ್ಟ ಹೋಗಿಲ್ರಿ, ಅಕ್ಕೋರ."

"ಇರಲಿ ಬಿಡು."

"ಆದ್ರ ಆವತ್ತ ನಾ ಎಲ್ಲಿ ಅದೇನಿ ಅನ್ನೂದ ನನಗ ತಿಳೀತಿರಲಿಲ್ರಿ." ಸುತ್ತ ನೋಡಿ ದನಿ ತಗ್ಗಿಸಿದಳು. "ಭಾಳ ಅಂಜಿಕಿ ಬಂದಿತ್ತು. ನಮ್ಮಪ್ಪಗ ಹೇಳಬ್ಯಾಡ್ರಿ."

ಆಯಿತು ಎಂದೆ. ಅವಳು ಗೋಲಿನತ್ತ ಓಡಿದಳು. ಮೊದಲ ಚೆಂಡನ್ನು ಬಿಟ್ಟಳು, ಮುಂದಿನದನ್ನು ಎದೆಗವಚಿ ಹಿಡಿದಳು.