ಎಣ್ಣೆ ಸವರಿದ ಫರ್ಸಿ, ನಿಂತ ಗಾಲಿ

ಸ್ಕೇಟ್‌ಬೋರ್ಡ್ ಇರುವ ಜಾಹೀರಾತು ಟಿವಿಯಲ್ಲಿ ಬಂತೆಂದರೆ ನಾನು ರಿಮೋಟ್ ಹುಡುಕತೊಡಗುತ್ತೇನೆ. ಮನೆಯವರು ನಗುತ್ತಾರೆ. ಮಾರುವುದು ಕೋಲ್ಡ್ ಡ್ರಿಂಕ್ ಇರಲಿ, ಸೆಂಟು ಇರಲಿ, ಒಬ್ಬ ಹುಡುಗ ಬೋರ್ಡಿನ ಸಮೇತ ಗಾಳಿಯಲ್ಲಿರುತ್ತಾನೆ. ಕೂದಲು ಹಾರುತ್ತಿರುತ್ತದೆ. ಕೆಳಗೆ ಒಬ್ಬಳು ಹುಡುಗಿ ಬಾಯಿ ತೆರೆದು ಅವನನ್ನೇ ನೋಡುತ್ತಿರುತ್ತಾಳೆ. ಅವನು ಎಲ್ಲಿ ಕಲಿತ, ಎಷ್ಟು ಸಲ ಮೊಣಕಾಲು ತರಚಿಸಿಕೊಂಡ, ಯಾರೂ ತೋರಿಸುವುದಿಲ್ಲ. ಗಾಲಿ ನೆಲ ಮುಟ್ಟುವುದನ್ನೇ ತೋರಿಸುವುದಿಲ್ಲ. ಇಷ್ಟೊಂದು ಇರಿಟೇಶನ್ ಯಾಕೆಂದು ಕೇಳಿದವರಿಗೆ ನಾನು ಒಂದೇ ಮಾತು ಹೇಳುವುದು: ಆ ಬಾಯಿ ತೆರೆದ ಹುಡುಗಿ ಒಮ್ಮೆ ನಾನೇ ಆಗಿದ್ದೆ, ನನ್ನ ಮನಸ್ಸಿಗೆ ವಿರುದ್ಧವಾಗಿ.

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಿದ್ದು ಕೆಲವು ವರ್ಷಗಳಾಗಿದ್ದವು. ನಾವು ಶಹಾಬಾದಿನ ಸಿಮೆಂಟ್ ಕಾರ್ಖಾನೆಯೊಂದರ ಕ್ವಾರ್ಟರ್ಸ್‌ನಲ್ಲಿದ್ದೆವು. ಅಪ್ಪ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ನಾನು ಪ್ಯಾಸೆಂಜರ್ ಗಾಡಿ ಹಿಡಿದು ಗುಲಬರ್ಗಾದ ಕಾನ್ವೆಂಟಿಗೆ ಹೋಗಿಬರುತ್ತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ. ಕಾನ್ವೆಂಟ್ ಲೈಬ್ರರಿಗೆ ಸಿಸ್ಟರ್ ಒಬ್ಬರ ನೆಂಟರು ಪರದೇಶದಿಂದ ಹಳೆಯ ಮ್ಯಾಗಜೀನ್ ಕಳಿಸುತ್ತಿದ್ದರು. ನಾನು ಮೊದಲ ಸ್ಕೇಟ್‌ಬೋರ್ಡ್ ನೋಡಿದ್ದು ಅಂಥದೊಂದರ ಹಿಂಬದಿಯ ಪುಟದಲ್ಲಿ. ಬಂಗಾರದ ಕೂದಲಿನ ಹುಡುಗರು ಹಲಗೆಯ ಮೇಲೆ ನಿಂತು ಇಳಿಜಾರಿನಲ್ಲಿ ಜಾರುತ್ತಿದ್ದರು, ಪಕ್ಕದಲ್ಲೊಬ್ಬ ಹುಡುಗಿ. ಅವಳು ಈಜುಡುಗೆಯಲ್ಲಿದ್ದಳೆಂದು ಕಾಣುತ್ತದೆ. ಸಿಸ್ಟರ್ ಕತ್ತಿನಿಂದ ಕೆಳಗೆ ಕಂದು ಕಾಗದ ಅಂಟಿಸಿಬಿಟ್ಟಿದ್ದರು. ಹೀಗಾಗಿ ಅವಳ ಪಾಲಿಗೆ ಉಳಿದದ್ದು ಮುಖ, ಮುಖದಲ್ಲಿ ತೆರೆದ ಬಾಯಿ.

ನನಗೆ ಬೇಕಾದದ್ದು ಹಲಗೆ. ಅಪ್ಪನ ಬೆನ್ನು ಹತ್ತಿ, ವರ್ಕ್‌ಶಾಪಿನಲ್ಲಿ ಬಿಸಾಡಿದ ಬೇರಿಂಗುಗಳನ್ನು ಗಾಲಿ ಮಾಡಿಸಿ, ಪೆಟ್ಟಿಗೆಯ ಹಲಗೆಗೆ ಜಡಿಸಿಕೊಂಡೆ. ಕ್ವಾರ್ಟರ್ಸಿನ ಹುಡುಗರಲ್ಲಿಯೂ ಬೇರಿಂಗ್ ಗಾಡಿಗಳಿದ್ದವು, ಆದರೆ ಅವರು ಕುಳಿತು ಹೋಗುತ್ತಿದ್ದರು. ನಾನು ನಿಂತೆ. ಬಿದ್ದೆ, ಮತ್ತೆ ನಿಂತೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬ್ಯಾಲನ್ಸ್ ಬಂತು.

ಓಡಿಸಲು ಜಾಗವೆಂದರೆ ಸ್ಟೇಷನ್ ಹಿಂದೆ ಇದ್ದ ಫರ್ಸಿ ಸಾವುಕಾರರ ಅಂಗಳ. ನಮ್ಮ ಊರಿನ ನೆಲದ ಕಲ್ಲಿಗೆ ನಾವು ಫರ್ಸಿ ಅನ್ನುತ್ತೇವೆ. ಗಿರಾಕಿಗಳಿಗೆ ತೋರಿಸಲೆಂದು ಅವರು ಪಾಲಿಶ್ ಮಾಡಿದ ಫರ್ಸಿಯನ್ನು ಒಂದು ಉದ್ದನೆಯ ಕಟ್ಟೆಯ ತುಂಬ ಹಾಸಿದ್ದರು. ಕಟ್ಟೆಯ ಕೊನೆಗೆ ಲಾರಿಗೆ ಕಲ್ಲು ಸಾಗಿಸುವ ಇಳಿಜಾರು. ಸಂಜೆ ಕೆಲಸದವರು ಹೋದಮೇಲೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಘರ್ರ್ ಎಂಬ ಸದ್ದು ಕೇಳಿ ಒಂದು ದಿನ ಸಾವುಕಾರರೇ ಹೊರಗೆ ಬಂದರು. ಬೈಯುತ್ತಾರೆಂದು ನಾನು ಹಲಗೆ ಎತ್ತಿಕೊಂಡೆ.

“ಯಾಕ ನಿಂತಿ? ಇನ್ನೊಮ್ಮಿ ಹೊಡಿ ನೋಡೂಣು” ಎಂದರು.

ಹೊಡೆದೆ. ಅವರು ಕಲ್ಲನ್ನೂ ನನ್ನನ್ನೂ ನೋಡಿ ಗದ್ದ ಕೆರೆದುಕೊಂಡರು. “ಏನ್ ಜಾರ್ತದಬೇ ನನ್ನ ಫರ್ಸಿ! ಈ ಸಲ ನಮ್ಮ ಅಂಗಡಿ ಕ್ಯಾಲೆಂಡರಿಗಿ ಇದ ಹಾಕಸ್ತೀನಿ. ಐತವಾರ ಹೈದರಾಬಾದಿನ ಫೋಟೋದವ ಬರ್ತಾನ. ನೀನೂ ಬಾ.”

ಆ ಭಾನುವಾರದ ತನಕ ನನಗೆ ನೆಲ ಕಾಣಲಿಲ್ಲ. ಕ್ಯಾನ್ವಾಸ್ ಶೂಗೆ ಚಾಕ್ ಹಚ್ಚಿದೆ. ಕಾನ್ವೆಂಟಿನ ಪಿಟಿ ಡ್ರೆಸ್ ಇಸ್ತ್ರಿ ಮಾಡಿದೆ. ಬಂಗಾರದ ಕೂದಲಿಲ್ಲದ, ಎರಡು ಜಡೆಯ ಹುಡುಗಿ ನಿಂತು ಹೋಗುವ ಫೋಟೋ ಮನೆಮನೆಯ ಗೋಡೆಯ ಮೇಲಿರುತ್ತದೆ, ಸಿಸ್ಟರ್ ಅದಕ್ಕೆ ಕಾಗದ ಅಂಟಿಸಲಾರರು ಎಂದು ಎಣಿಸಿಕೊಂಡೆ. ಅವ್ವ ಮಾತ್ರ ಡ್ರೆಸ್ ನೋಡಿ, “ಮೊಣಕಾಲು ಕಾಣ್ತಾವಲ್ಲಬೇ” ಎಂದು ಒಂದು ಲಂಗವನ್ನೂ ಚೀಲದಲ್ಲಿ ಹಾಕಿದಳು. ಆ ಲಂಗವೇ ನನಗೆ ಮುಳುವಾಯಿತು.

ಹೋಗಿ ನೋಡಿದರೆ ಕಟ್ಟೆಯ ಮೇಲೆ ಒಬ್ಬ ಹುಡುಗ ನಿಂತಿದ್ದ. ಸಾವುಕಾರರ ಅಕ್ಕನ ಮಗ, ಹೈದರಾಬಾದಿನಲ್ಲಿ ಕಾಲೇಜು ಓದುವವನು. ಬೆಲ್ ಬಾಟಮ್ ಪ್ಯಾಂಟು, ಕೆಂಪು ಬನಿಯನ್, ಕೈಯಲ್ಲಿ ದುಬೈದಿಂದ ಬಂದ ನಿಜವಾದ ಸ್ಕೇಟ್‌ಬೋರ್ಡ್. ಅದರ ಗಾಲಿ ಜೇನುತುಪ್ಪದ ಬಣ್ಣದವು. ನನ್ನ ಬೇರಿಂಗ್ ಹಲಗೆಯನ್ನು ಬೆನ್ನ ಹಿಂದೆ ಹಿಡಿದೆ.

“ಇವ ನಿಂದ್ರತಾನ. ನೀ ಲಂಗಾ ಉಟಗೊಂಡು ಬಾಜೂಕ ಕುಂದ್ರು. ಆಶ್ಚರ್ಯ ಆದಂಗ ನೋಡಬೇಕು” ಎಂದರು ಸಾವುಕಾರರು.

“ಕಾಕಾ, ಗಾಡಿ ಹೊಡಿಯೂದು ನಾ ಅಲ್ಲೇನ್ರಿ?”

“ಹುಡುಗಿ ಹಂಗ ಹಾರ್ಲಿಕತ್ರ ಜನ ಕಲ್ಲ ನೋಡ್ತಾರೋ ನಿನ್ನ ನೋಡ್ತಾರೋ? ಕುಂದ್ರವ್ವಾ.”

ಲಂಗ ಉಟ್ಟು ಕುಳಿತೆ.

ಆದರೆ ಗಾಲಿ ಉರುಳಬೇಕಲ್ಲ. ಗಿರಾಕಿ ಬಂದರೆ ಫರ್ಸಿಗೆ ಕುಸುಬಿ ಎಣ್ಣೆ ಸವರಿ ತೋರಿಸುವುದು ಆ ಅಂಗಳದ ರಿವಾಜು. ಬೂದಿ ಬಣ್ಣದ ಕಲ್ಲು ಎಣ್ಣೆ ಕುಡಿದು ಕಪ್ಪಗೆ ಮಿಂಚುತ್ತದೆ. ಫೋಟೋ ಎಂದಮೇಲೆ ಕೇಳಬೇಕೆ? ಬೆಳಗಿನಿಂದ ಹೆಂಗಸರು ಕೂತು, ಮದುವೆ ಮನೆಯಲ್ಲಿ ಅರಿಶಿನ ಹಚ್ಚಿದಂತೆ, ಕಟ್ಟೆಯ ತುಂಬ ಎಣ್ಣೆ ತಿಕ್ಕಿದ್ದರು. ಕಲ್ಲಿನಲ್ಲಿ ಮುಖ ಕಾಣುತ್ತಿತ್ತು. ಹುಡುಗ ಹತ್ತಿದ ಕೂಡಲೇ ಬೋರ್ಡು ಮುಂದೆ ಹೋಗುವ ಬದಲು ಅಡ್ಡಕ್ಕೆ ಜಾರಿತು, ಅವನು ಕುಂಡೆಯ ಮೇಲೆ ಕುಳಿತ. ಇನ್ನೊಮ್ಮೆ ಹತ್ತಿದ, ಇನ್ನೊಮ್ಮೆ ಕುಳಿತ. ಕೆಂಪು ಬನಿಯನ್ನಿನ ಬೆನ್ನು ಎಣ್ಣೆಯಾಯಿತು.

“ಎಣ್ಣಿ ಮ್ಯಾಲ ಯಾವ ಗಾಲೀನೂ ತಿರಗಂಗಿಲ್ರಿ ಕಾಕಾ. ಆ ಕಡೀ ಇಳಿಜಾರಿಗಿ ಎಣ್ಣಿ ಹಚ್ಚಿಲ್ಲ. ಅಲ್ಲಿ ಹೋಗೂಣು, ನಾ ತೋರಸ್ತೀನಿ” ಎಂದೆ.

“ಎಣ್ಣಿ ಹಚ್ಚಲಾರದ ಕಲ್ಲಿಂದು ಫೋಟೋ ಹೊಡಸ್ಲೇನು? ಬೂದಿ ಹಂಗ ಕಾಣ್ತದ. ಬಾಯಿ ಮುಚಗೊಂಡು ಕುಂದ್ರು.”

“ಮುಚ್ಚಬಾರದು, ತೆರೀಬೇಕು” ಎಂದ ಫೋಟೋದವ, ನಗದೆ. ಅವನು ಕಸುಬು ಬಲ್ಲವನು. ಕಲ್ಲಿನ ಚೂರು ಆರಿಸಿ ತಂದು ಗಾಲಿಗಳ ಹಿಂದೆ ಮುಂದೆ ಕಾಣದಂತೆ ಒತ್ತಿಟ್ಟ. ಆಫೀಸಿನಿಂದ ಟೇಬಲ್ ಫ್ಯಾನ್ ತರಿಸಿ ಹುಡುಗನ ಕೂದಲಿಗೆ ಹಿಡಿಸಿದ. ಮಂಡಿ ಬಗ್ಗಿಸು, ಕೈ ಚಾಚು, ನಗು ಎಂದ. ಮ್ಯಾಗಜೀನಿನ ಆ ಪುಟ ನನಗೆ ಹಾಗೇ ಕಣ್ಣ ಮುಂದೆ ಬಂತು. ಆ ಬಂಗಾರದ ಕೂದಲಿನವರೂ ಹೀಗೇ ನಿಂತಿದ್ದರೇನೋ ಎಂಬ ಸಂಶಯ ಆ ಹೊತ್ತಿಗೆ ಹುಟ್ಟಿದ್ದು, ಇನ್ನೂ ಹೋಗಿಲ್ಲ.

“ಬೇಬಿ, ಥೋಡಾ ಬಾಯಿ ತೆರಿ. ವಂಡರ್, ವಂಡರ್.”

ನಾನು ತುಟಿ ಬಿಗಿದೆ. ನಿಂತ ಗಾಲಿ ನೋಡಿ ಎಂಥ ವಂಡರ್? ಅವನು ಪುಸಲಾಯಿಸಿದ, ಸಾವುಕಾರರು ಗದರಿದರು, ಪೆಪ್ಪರಮಿಂಟು ಕೊಡುತ್ತೇನೆಂದರು. ನಾನು ಚರ್ಚಿನಲ್ಲಿ ಕನ್ಫೆಷನ್ನಿಗೆ ಕುಳಿತವಳಂತೆ ತಲೆ ತಗ್ಗಿಸಿ ಕಲ್ಲನ್ನೇ ನೋಡುತ್ತಿದ್ದೆ. ಕಲ್ಲನ್ನು ನೋಡುತ್ತಿದ್ದುದರಿಂದಲೇ ನನಗೆ ಕಂಡದ್ದು: ಮುಂದಿನ ಗಾಲಿಯ ಕಲ್ಲಿನ ಚೂರು ಎಣ್ಣೆಯಲ್ಲಿ ಮೆಲ್ಲಗೆ ಸರಿಯುತ್ತಿತ್ತು. ಹುಡುಗ ನಗುತ್ತ ಆಕಾಶ ನೋಡುತ್ತಿದ್ದ.

“ಇಳೀರಿ, ಬೀಳ್ತೀರಿ!” ಎಂದು ಕೂಗಿದೆ.

ಅದೇ ಕ್ಷಣಕ್ಕೆ ಕ್ಯಾಮೆರಾ ಕ್ಲಿಕ್ ಎಂದಿತು. ಹುಡುಗ ಕೈ ಬೀಸುತ್ತ ಹಿಂದಕ್ಕೆ ಬಿದ್ದ, ಮೊಣಕೈ ಒಡೆಯಿತು.

ಎಲ್ಲರೂ ಅವನ ಕಡೆ ಓಡಿದರು. ರಕ್ತ ಒರೆಸಿ, ಅರಿಶಿನ ಹಚ್ಚಿ, ಚಹಾ ಕುಡಿಸಿದರು. ಅವನು ಒಳ್ಳೆಯ ಹುಡುಗ. ಎಲ್ಲ ಶಾಂತವಾದಮೇಲೆ ನನ್ನ ಕೈಯಲ್ಲಿದ್ದ ಬೇರಿಂಗ್ ಹಲಗೆ ನೋಡಿ, “ನಿಂಗ ಖರೇನೇ ಬರ್ತದೇನು? ನಂಗ ಇದರ ಮ್ಯಾಲ ಬರೀ ನಿಂದ್ರಲಿಕ್ಕೂ ಅಂಜಿಕಿ. ಮಾಮಾ ಕೇಳಬೇಕಲ್ಲ” ಎಂದು ದುಬೈ ಬೋರ್ಡನ್ನು ನನ್ನ ಕಡೆ ಚಾಚಿದ.

ಲಂಗ ಮೇಲೆತ್ತಿ ಸಿಕ್ಕಿಸಿಕೊಂಡೆ. ಇಳಿಜಾರಿನ ತುದಿಗೆ ಹೋಗಿ ನಿಂತೆ. ಬೇರಿಂಗಿನ ಘರ್ರ್ ಇರಲಿಲ್ಲ. ಆ ಗಾಲಿಗಳು ಬೆಣ್ಣೆಯಂತೆ ಉರುಳಿದವು. ಒಣ ಫರ್ಸಿ ಕಾಲ ಕೆಳಗೆ ಓಡಿತು, ಇಳಿಜಾರಿನ ಉದ್ದಕ್ಕೂ ಬಂದು, ಲಾರಿ ನಿಲ್ಲುವ ಜಾಗದಲ್ಲಿ ಅರ್ಧ ಚಕ್ರ ತಿರುಗಿ ನಿಂತೆ. ಸಾವುಕಾರರ ಕೈಯಲ್ಲಿದ್ದ ಚಹಾದ ಬಸಿ ಹಾಗೇ ನಿಂತಿತ್ತು.

“ಈಗ ಹೊಡೀರಿ” ಎಂದೆ ಫೋಟೋದವನಿಗೆ. “ಇನ್ನೊಮ್ಮಿ ಬರ್ತೀನಿ.”

ಅವನು ಕ್ಯಾಮೆರಾ ಚರ್ಮದ ಚೀಲದಲ್ಲಿ ಹಾಕುತ್ತಿದ್ದ. “ರೀಲ್ ಖತಮ್, ಬೇಬಿ” ಎಂದ. ನಿಜವೋ, ವಾಡಿ ಜಂಕ್ಷನ್ನಿಗೆ ಹೋಗಿ ಹೈದರಾಬಾದಿನ ರೈಲು ಹಿಡಿಯುವ ಗಡಿಬಿಡಿಯೋ, ನನಗೆ ತಿಳಿಯಲಿಲ್ಲ.

ಹೊಸ ವರ್ಷಕ್ಕೆ ಕ್ಯಾಲೆಂಡರ್ ಬಂತು. ಶಹಾಬಾದಿನಲ್ಲಿ ಮಾತ್ರವಲ್ಲ, ಚಿತ್ತಾಪುರ, ಸೇಡಂ, ಚಿಂಚೋಳಿಯ ಅಂಗಡಿಗಳಲ್ಲೂ ತೂಗಿತು. ಕಪ್ಪಗೆ ಮಿಂಚುವ ಕಲ್ಲು. ಅದರ ಮೇಲೆ ಕೈ ಚಾಚಿ, ಕೂದಲು ಹಾರಿಸಿ, ಗಾಳಿಯಲ್ಲಿ ತೇಲಿದಂತೆ ಹುಡುಗ. ಬೀಳುತ್ತಿರುವವನು ಹಾರುತ್ತಿರುವವನ ಹಾಗೆ ಕಾಣುತ್ತಿದ್ದ. ಮೂಲೆಯಲ್ಲಿ ನಾನು, ಬಾಯಿ ಇಷ್ಟಗಲ ತೆರೆದು.

ಗುಲಬರ್ಗಾದಲ್ಲಿ ಸಿಸ್ಟರ್ ಅದನ್ನು ನೋಡಿ, “ವಾಟ್ ಎ ಲವ್ಲಿ ಎಕ್ಸ್‌ಪ್ರೆಶನ್, ಚೈಲ್ಡ್” ಎಂದರು. ಕಾಗದ ಅಂಟಿಸಲಿಲ್ಲ. ಅವ್ವ ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದಳು, ತಾರೀಖು ಮುಗಿದ ಮೇಲೂ ತೆಗೆಯಲಿಲ್ಲ. ಬಂದವರಿಗೆಲ್ಲ ನಾನು ಹೇಳುತ್ತಿದ್ದೆ, ಗಾಲಿ ನಿಂತಿದ್ದವು, ಅವರು ಬೀಳುತ್ತಿದ್ದರು, ನಾನು ಇಳೀರಿ ಅಂತ ಕೂಗಲಿಕ್ಕತ್ತಿದ್ದೆ ಎಂದು. ನಾವು ಖಾಲಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ ಒಮ್ಮೆ ಪೂರಾ ಕೇಳಿಸಿಕೊಂಡಳು. ಕ್ಯಾಲೆಂಡರನ್ನು ಹತ್ತಿರದಿಂದ ನೋಡಿದಳು.

“ಇರ್ಲಿ ಬಿಡು ಬೇಟಾ” ಎಂದಳು, “ಭಾಳ ಛಲೋ ಕಾಣ್ಲಿಕತ್ತಿ. ನೋಡು, ಅವನ್ನ ನೋಡಿ ಎಷ್ಟು ಖುಷಿ ಆಗ್ಯಾದ ನಿಂಗ.”